ಸಿಸ್ಟರ್ ಸಿಟಿ ಅಂದ್ರೆ ಬರೀ ಹಾರ-ತುರಾಯಿನಾ, ಇಲ್ಲ ಫ್ಯಾಕ್ಟರಿನೂ ಬರುತ್ತಾ?

ಮಿಚಿಗನ್ ಮಂಜ · ಸೋಮವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಇಲ್ಲಿ ಬರೆದು ತುಂಬ ದಿನ ಆಯಿತು.

ನಾನಿರುವುದು ಮಿಚಿಗನ್‌ನ ಒಂದು ಸಣ್ಣ ಊರಲ್ಲಿ. ಬ್ಯಾಟಲ್ ಕ್ರೀಕ್‌ಗೆ ಮುಕ್ಕಾಲು ಗಂಟೆ ದಾರಿ. ಕಾರಿನ ಬಿಡಿಭಾಗ ಮಾಡುವ ಜಪಾನಿ ಕಂಪನಿಯಲ್ಲಿ ಕ್ವಾಲಿಟಿ ನೋಡಿಕೊಳ್ಳುವ ಕೆಲಸ. ಹೋದ ವಾರ ಊರಿನ ಸಿಟಿ ಕೌನ್ಸಿಲ್ ಸಭೆಗೆ ಹೋಗಿದ್ದೆ. ದೇಶೋದ್ಧಾರಕ್ಕಲ್ಲ, ನಮ್ಮ ಬೀದಿಯ ಚರಂಡಿ ಪ್ರತಿ ಮಳೆಗೂ ಉಕ್ಕುತ್ತೆ, ಅದನ್ನು ಹೇಳೋಕೆ. ಚರಂಡಿ ಸರದಿ ಬರುವ ಮುಂಚೆ ಇನ್ನೊಂದು ವಿಷಯ ಬಂತು. ಜಪಾನಿನಲ್ಲಿರುವ ನಮ್ಮೂರಿನ ಸಿಸ್ಟರ್ ಸಿಟಿಗೆ, ಅಂದರೆ ಒಪ್ಪಂದ ಮಾಡಿಕೊಂಡು ನಂಟು ಬೆಳೆಸಿದ ಹೊರದೇಶದ ಊರಿಗೆ, ಈ ವರ್ಷ ನಿಯೋಗ ಕಳಿಸೋಕೆ ದುಡ್ಡು ಕೊಡಬೇಕಾ ಬೇಡವಾ ಅಂತ. ಹಿಂದಿನ ಸಾಲಲ್ಲಿ ಕೂತಿದ್ದ ಒಬ್ಬ ಅಜ್ಜ ಎದ್ದು ನಿಂತು, "ಇಷ್ಟು ವರ್ಷದಿಂದ ಗೊಂಬೆ ಬರ್ತಾ ಇದೆ. ಫ್ಯಾಕ್ಟರಿ ಯಾವಾಗ ಬರುತ್ತೆ?" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಹೊರಗೆ ಬಂದು ಹಜಾರದ ಗಾಜಿನ ಬೀರು ನೋಡಿದೆ. ನಿಜವಾಗಿಯೂ ಗೊಂಬೆ, ಬೀಸಣಿಗೆ, ಇಬ್ಬರು ಮೇಯರ್‌ಗಳು ಕೈ ಕುಲುಕುತ್ತಿರುವ ಬಣ್ಣ ಮಾಸಿದ ಫೋಟೋ. ಅಷ್ಟೇ.

ಆದರೆ ಬ್ಯಾಟಲ್ ಕ್ರೀಕ್ ನೋಡಿದರೆ ಹಾಗೆ ಅನ್ನಿಸುವುದಿಲ್ಲ. ಅದು ಕೆಲಾಗ್ಸ್ ಕಾರ್ನ್‌ಫ್ಲೇಕ್ಸ್ ಊರು. ಊರ ಪಕ್ಕದ ಫೋರ್ಟ್ ಕಸ್ಟರ್ ಅನ್ನುವ ಹಳೆಯ ಮಿಲಿಟರಿ ಜಾಗವನ್ನು ಇಂಡಸ್ಟ್ರಿಯಲ್ ಪಾರ್ಕ್ ಮಾಡಿಕೊಂಡರು. 1981ರಲ್ಲಿ ಜಪಾನಿನ ತಕಾಸಾಕಿ ಜೊತೆ ಸಿಸ್ಟರ್ ಸಿಟಿ ಆದರು. 1984ರಲ್ಲಿ ಕಾರಿನ ಬಿಡಿಭಾಗ ಮಾಡುವ ಜಪಾನಿನ ಡೆನ್ಸೊ ಅಲ್ಲಿ ಕಂಪನಿ ಶುರು ಮಾಡಿತು. ಇವತ್ತು ಆ ಪಾರ್ಕ್‌ನಲ್ಲಿ ಜಪಾನಿ ಕಂಪನಿಗಳ ಬೋರ್ಡು ಬೇಕಾದಷ್ಟು ಕಾಣುತ್ತವೆ. ಮಕ್ಕಳಿಗೆ ಶನಿವಾರದ ಜಪಾನಿ ಶಾಲೆಯೂ ಇದೆ.

ಇದರಲ್ಲೊಂದು ತಮಾಷೆ ಇದೆ. ತಕಾಸಾಕಿ ಇರುವುದು ಗುನ್ಮಾ ಪ್ರಾಂತ್ಯದಲ್ಲಿ. ಡೆನ್ಸೊ ಮನೆ ಇರುವುದು ಐಚಿ ಪ್ರಾಂತ್ಯದ ಕಾರಿಯಾದಲ್ಲಿ. ಬೀಗತನ ಒಂದು ಊರಿನ ಜೊತೆ, ಸೊಸೆ ಬಂದದ್ದು ಬೇರೆ ಊರಿಂದ!

ಹಾಗಾದರೆ ಈ ಸಿಸ್ಟರ್ ಸಿಟಿ ಮಾಡಿದ್ದೇನು? ಅಥವಾ ಏನೂ ಮಾಡಿಲ್ವಾ? ಮುಂದಿನ ಸಭೆಯಲ್ಲಿ ನಾನೂ ಎರಡು ಮಾತಾಡೋಣ ಅಂತಿದ್ದೇನೆ. ತಿಳಿದವರು ಹೇಳಿ.

---

ಹುಣಸೆಹಣ್ಣು · ಸೋಮವಾರ ರಾತ್ರಿ

ಏನೂ ಮಾಡಿಲ್ಲ ಮಂಜಣ್ಣ. ಸುಮ್ನೆ ಕೌನ್ಸಿಲರ್‌ಗಳ ಫಾರಿನ್ ಟ್ರಿಪ್ಪು.

ಪಕ್ಕಾ ಉದಾಹರಣೆ ಕೊಡುತ್ತೇನೆ. ನಾನು ಎಂಟು ವರ್ಷ ಆರೆಗಾನ್‌ನಲ್ಲಿದ್ದೆ. ಪೋರ್ಟ್‌ಲ್ಯಾಂಡ್ ಮತ್ತು ಸಪ್ಪೊರೊ 1959ರಿಂದ ಸಿಸ್ಟರ್ ಸಿಟಿಗಳು. ಅಮೆರಿಕ-ಜಪಾನ್ ನಡುವಿನ ಹಳೆಯ ಜೋಡಿಗಳಲ್ಲಿ ಒಂದು. ಆದರೆ ಜಪಾನಿನ ದೊಡ್ಡ ಎಲೆಕ್ಟ್ರಾನಿಕ್ಸ್ ಕಂಪನಿಗಳು ಅಲ್ಲಿಗೆ ಬಂದದ್ದು ಯಾವಾಗ ಗೊತ್ತಾ? 1984ರ ನಂತರ.

ಆ ವರ್ಷ ಆಗಿದ್ದು ಇಷ್ಟು. ಅಲ್ಲಿಯವರೆಗೆ ಆರೆಗಾನ್‌ನಲ್ಲಿ ಯೂನಿಟರಿ ಟ್ಯಾಕ್ಸ್ ಅಂತ ಇತ್ತು. ಕಂಪನಿ ಪ್ರಪಂಚದಲ್ಲೆಲ್ಲ ಗಳಿಸಿದ ಲಾಭ ಒಟ್ಟು ಹಾಕಿ, ಅದರಲ್ಲಿ ಒಂದು ಪಾಲು ನಮ್ಮದು ಅಂತ ತೆರಿಗೆ ಕೇಳುವ ಪದ್ಧತಿ. ಜಪಾನಿನವರಿಗೆ ಇದು ಕಂಡರೆ ಆಗುತ್ತಿರಲಿಲ್ಲ. ನಾವು ಒಸಾಕಾದಲ್ಲಿ ದುಡಿದಿದ್ದಕ್ಕೆ ನಿಮಗೇಕೆ ಕೊಡಬೇಕು ಅಂತ. ಗವರ್ನರ್ ವಿಕ್ ಅಟಿಯೆ ಅದನ್ನು ತೆಗೆಸಿ ಹಾಕಿದರು. ಎನ್‌ಇಸಿ, ಫುಜಿತ್ಸು, ಎಪ್ಸನ್ ಎಲ್ಲ ಬಂದವು.

25 ವರ್ಷ ಹೂಗುಚ್ಛ ಕೊಟ್ಟರೂ ಆಗದ್ದು ಒಂದು ತೆರಿಗೆ ತೆಗೆದಿದ್ದಕ್ಕೆ ಆಯಿತು. ಇನ್ನೇನು ಬೇಕು?

---

ಸ್ಕಾಟ್ ಕೌಂಟಿ ಸೊಸೆ · ಮಂಗಳವಾರ ಬೆಳಿಗ್ಗೆ

ಹುಣಸೆ ಅಣ್ಣ, ಹುಳಿ ಸ್ವಲ್ಪ ಜಾಸ್ತಿ ಆಯಿತು.

ನಾನಿರುವುದು ಕೆಂಟಕಿಯ ಜಾರ್ಜ್‌ಟೌನ್‌ನಲ್ಲಿ. ಟೊಯೊಟಾ ಊರು ಅಂದರೂ ನಡೆಯುತ್ತೆ. ನೀವು ಹೇಳಿದ್ದರಲ್ಲಿ ಅರ್ಧ ನಿಜ. ಟೊಯೊಟಾ ಇಲ್ಲಿಗೆ ಬರುತ್ತೇವೆ ಅಂತ ಹೇಳಿದ್ದು 1985ರ ಡಿಸೆಂಬರ್‌ನಲ್ಲಿ. ಆಗಿನ ಗವರ್ನರ್ ಮಾರ್ಥಾ ಲೇನ್ ಕಾಲಿನ್ಸ್ ಜಪಾನಿಗೆ ಓಡಾಡಿ ಓಡಾಡಿ ಕರೆತಂದರು. ರಾಜ್ಯ ಸರ್ಕಾರ ಜಾಗ ಕೊಂಡು ಕೊಟ್ಟಿತು, ರಸ್ತೆ ಹಾಕಿತು, ಕೆಲಸಗಾರರ ತರಬೇತಿ ಖರ್ಚು ಹೊತ್ತುಕೊಂಡಿತು. ಆಗ ಹೇಳಿದ ಲೆಕ್ಕವೇ 12.5 ಕೋಟಿ ಡಾಲರ್. ಕೋರ್ಟು ಕಚೇರಿ ಎಲ್ಲ ಆಯಿತು. 1988ರಲ್ಲಿ ಮೊದಲ ಕ್ಯಾಮ್ರಿ ಕಾರು ಹೊರಗೆ ಬಂತು.

ಸಿಸ್ಟರ್ ಸಿಟಿ ಆಗಿದ್ದು ಆಮೇಲೆ, 1990ರಲ್ಲಿ, ಐಚಿಯ ತಹಾರಾ ಜೊತೆ. ಅಲ್ಲೂ ಟೊಯೊಟಾ ಫ್ಯಾಕ್ಟರಿ ಇದೆ. ಅಂದರೆ ಮದುವೆ ಮುಗಿದ ಮೇಲೆ ಜಾತಕ ನೋಡಿದ ಹಾಗೆ.

ಹಾಗಂತ ಅದು ದಂಡ ಅಲ್ಲ. ಫ್ಯಾಕ್ಟರಿ ಬರುವುದು ಒಂದು, ಉಳಿಯುವುದು ಇನ್ನೊಂದು.

ನಾನು ಮದುವೆಯಾಗಿ ಇಲ್ಲಿಗೆ ಬಂದಾಗ ಕರಿಬೇವಿಗೆ ಲೆಕ್ಸಿಂಗ್ಟನ್‌ಗೆ ಹೋಗಬೇಕಿತ್ತು. ಕಾರು ಓಡಿಸೋಕೆ ಬರುತ್ತಿರಲಿಲ್ಲ. ಮನೆಯವರು ಆಫೀಸಿಗೆ ಹೋದರೆ ಸಂಜೆವರೆಗೂ ಗೋಡೆ ನೋಡಿಕೊಂಡು ಕೂರಬೇಕು. ಪಕ್ಕದ ಅಪಾರ್ಟ್‌ಮೆಂಟ್‌ನಲ್ಲಿ ಒಬ್ಬರು ಜಪಾನಿ ಹೆಂಗಸು. ಅವರ ಗಂಡನೂ ಪ್ಲಾಂಟ್‌ನಲ್ಲೇ ಇಂಜಿನಿಯರ್. ಅವರಿಗೆ ಇಂಗ್ಲಿಷ್ ನನಗಿಂತ ಕಮ್ಮಿ. ಆದರೆ ಅವರ ಮನೆಗೆ ವಾರಕ್ಕೊಮ್ಮೆ ಒಬ್ಬ ಅಮೆರಿಕನ್ ಅಜ್ಜಿ ಬರುತ್ತಿದ್ದರು. ಮಗನನ್ನು ಶಾಲೆಗೆ ಸೇರಿಸಿದ್ದು, ಹಲ್ಲಿನ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿದ್ದು, ಡ್ರೈವಿಂಗ್ ಪರೀಕ್ಷೆಗೆ ಕೂರಿಸಿದ್ದು ಎಲ್ಲ ಆ ಅಜ್ಜಿ. ಯಾರು ಇವರು ಅಂತ ಕೇಳಿದರೆ, ಸಿಸ್ಟರ್ ಸಿಟಿ ಕಮಿಟಿಯ ಸ್ವಯಂಸೇವಕಿ. ಒಂದೆರಡು ಸಲ ತಹಾರಾಕ್ಕೆ ಹೋಗಿ ಅಲ್ಲಿನ ಮನೆಯಲ್ಲಿ ಉಳಿದು ಬಂದವರು. ನನಗೆ ಹೊಟ್ಟೆಕಿಚ್ಚಾಯಿತು ನೋಡಿ! ನಮಗೆ ಅಂಥ ಅಜ್ಜಿ ಇರಲಿಲ್ಲ.

ಜಪಾನಿನಿಂದ ಬರುವವರು ಮೂರು ವರ್ಷಕ್ಕೋ ಐದು ವರ್ಷಕ್ಕೋ ವಾಪಸ್ ಹೋಗುತ್ತಾರೆ. ಮಕ್ಕಳು ಅಲ್ಲಿನ ಪರೀಕ್ಷೆಗೆ ಹಿಂದೆ ಬೀಳಬಾರದು. ಅದಕ್ಕೆ ಶನಿವಾರದ ಶಾಲೆ. ಅದಿಲ್ಲದ ಊರಿಗೆ ಹೆಂಡತಿ ಮಕ್ಕಳು ಬರಲ್ಲ, ಅವರು ಬರದಿದ್ದರೆ ಒಳ್ಳೆಯ ಇಂಜಿನಿಯರ್ ಬರಲ್ಲ. ಮಂಜಣ್ಣ, ನಿಮ್ಮ ಅಜ್ಜನಿಗೆ ಇದನ್ನು ಹೇಳಿ.

---

ಮಿಚಿಗನ್ ಮಂಜ · ಮಂಗಳವಾರ ಬೆಳಿಗ್ಗೆ

ಅಕ್ಕಾ, ಇದು ನನಗೆ ಹೊಳೆದೇ ಇರಲಿಲ್ಲ. ನಮ್ಮ ಪ್ಲಾಂಟ್ ಮ್ಯಾನೇಜರ್ ಕುಟುಂಬವನ್ನು ಒಸಾಕಾದಲ್ಲೇ ಬಿಟ್ಟು ಬಂದಿದ್ದಾರೆ. ದಿನಾ ಸಂಜೆ ಏಳರ ತನಕ ಆಫೀಸಲ್ಲೇ ಇರುತ್ತಾರೆ. ಕೆಲಸ ಜಾಸ್ತಿ ಅಂದುಕೊಂಡಿದ್ದೆ.

---

ಲೆಕ್ಕದ ಮೇಷ್ಟ್ರು · ಮಂಗಳವಾರ ಮಧ್ಯಾಹ್ನ

ಒಂದು ಗಂಟು ಬಿಡಿಸಬೇಕು, ಇಲ್ಲದಿದ್ದರೆ ಚರ್ಚೆ ಸುತ್ತು ಹೊಡೆಯುತ್ತೆ.

ಸಿಸ್ಟರ್ ಸಿಟಿ ಇರುವ ಊರಲ್ಲಿ ಆ ದೇಶದ ಹೂಡಿಕೆ ಜಾಸ್ತಿ ಇದೆ ಅಂತ ತೋರಿಸುವುದು ಸುಲಭ. ಆದರೆ ಯಾವುದು ಮುಂಚೆ? ಸೊಸೆಯಮ್ಮ ಹೇಳಿದ ಜಾರ್ಜ್‌ಟೌನ್‌ನಲ್ಲಿ ಫ್ಯಾಕ್ಟರಿ ಮುಂಚೆ. ಟೆನೆಸಿಯ ಸ್ಮರ್ನಾದಲ್ಲೂ ಹಾಗೇ. ನಿಸ್ಸಾನ್ 1983ರಲ್ಲೇ ಅಲ್ಲಿ ಟ್ರಕ್ ಮಾಡೋಕೆ ಶುರು ಮಾಡಿತ್ತು, ನಿಸ್ಸಾನ್ ಫ್ಯಾಕ್ಟರಿ ಇದ್ದ ಜಾಮಾ ಊರಿನ ಜೊತೆ ಸಿಸ್ಟರ್ ಸಿಟಿ ಆಗಿದ್ದು ಆಮೇಲೆ. ಅದಕ್ಕಿಂತ ದೊಡ್ಡ ವಿಚಿತ್ರ ಕೇಳಿ. 1995ರಲ್ಲಿ ನಿಸ್ಸಾನ್ ಜಾಮಾದಲ್ಲಿ ಕಾರು ಮಾಡುವುದನ್ನೇ ನಿಲ್ಲಿಸಿತು. ಅಕ್ಕನ ಮನೆ ಒಲೆ ಆರಿತು, ತಂಗಿ ಮನೆಯಲ್ಲಿ ಅಡುಗೆ ನಡೆಯುತ್ತಲೇ ಇದೆ. ನಂಟು ಮಾತ್ರ ಉಳಿದಿದೆ.

ಸ್ಮರ್ನಾಕ್ಕೆ ನಿಸ್ಸಾನ್ ತಂದದ್ದು ಗವರ್ನರ್ ಲಮಾರ್ ಅಲೆಕ್ಸಾಂಡರ್. ಅವರೇ ಹೇಳಿಕೊಳ್ಳುವ ಕಥೆ ಚೆನ್ನಾಗಿದೆ. ಟೋಕಿಯೊಗೆ ಹೋಗುವಾಗ ಅಮೆರಿಕದ ರಾತ್ರಿ ಹೊತ್ತಿನ ಉಪಗ್ರಹ ಚಿತ್ರ ಜೇಬಲ್ಲಿ ಇಟ್ಟುಕೊಂಡು ಹೋದರಂತೆ. ಟೆನೆಸಿ ಎಲ್ಲಿದೆ ಅಂತ ಕೇಳಿದರೆ, ದೀಪಗಳ ನಟ್ಟನಡುವೆ ಬೆರಳಿಟ್ಟು ತೋರಿಸೋದು. ಗಿರಾಕಿಗಳೆಲ್ಲ ಸುತ್ತ ಇದ್ದಾರೆ, ಸಾಗಿಸೋಕೆ ಸುಲಭ ಅಂತ. ಇದು ಮಾರಾಟಗಾರನ ಕೆಲಸ, ನೆಂಟರ ಕೆಲಸ ಅಲ್ಲ.

ಹಾಗಾದರೆ ನೆಂಟಸ್ತನಕ್ಕೆ ಬೆಲೆ ಎಲ್ಲಿ? ನನ್ನ ಅನಿಸಿಕೆ ಇಷ್ಟು. ಟೊಯೊಟಾದಂಥ ಕಂಪನಿಗೆ ಇದು ಬೇಕಿಲ್ಲ. ಅವರು ವಕೀಲರು, ಕನ್ಸಲ್ಟೆಂಟ್‌ಗಳನ್ನು ಇಟ್ಟುಕೊಂಡು ಹತ್ತಾರು ಜಾಗ ಅಳೆದು ನೋಡುತ್ತಾರೆ. ಟೊಯೊಟಾಕ್ಕೆ ಸ್ಪ್ರಿಂಗ್ ಕೊಡುವವನಿಗೆ ರಬ್ಬರ್ ವಾಷರ್ ಕೊಡುವ ಒಬ್ಬ ಸಣ್ಣ ಮಾಲೀಕ ಇರುತ್ತಾನಲ್ಲ, ಅವನ ವಿಷಯ ಯೋಚಿಸಿ. ನೂರು ಜನ ಕೆಲಸಗಾರರು. ದೊಡ್ಡ ಗಿರಾಕಿ "ನೀನೂ ಅಮೆರಿಕಕ್ಕೆ ಬಾ" ಅಂದಿದ್ದಾನೆ. ಭಾಷೆ ಬರಲ್ಲ. ಯಾರನ್ನು ನಂಬಬೇಕು? ಅಂಥವನಿಗೆ ತನ್ನೂರಿನ ಪುರಸಭೆಯಲ್ಲಿ "ಆ ಊರು ಗೊತ್ತು, ಅಲ್ಲಿನ ಇಂಥವರಿಗೆ ಫೋನ್ ಮಾಡಿಕೊಡ್ತೀನಿ" ಅನ್ನುವ ಒಬ್ಬ ಗುಮಾಸ್ತ ಇದ್ದರೆ ಅದೇ ದೊಡ್ಡದು.

ಜಪಾನಿನ ಕಡೆ ಇದು ಆಟದ ವಿಷಯ ಅಲ್ಲ ಅನ್ನುವುದನ್ನೂ ನೆನಪಿಡಿ. ಅಲ್ಲಿನ ಸ್ಥಳೀಯ ಸರ್ಕಾರಗಳ ಅಂತಾರಾಷ್ಟ್ರೀಯ ಕೆಲಸಕ್ಕೆ ಕ್ಲೇರ್ ಅನ್ನುವ ಸಂಸ್ಥೆ ಇದೆ. ಒಪ್ಪಂದಕ್ಕೆ ಎರಡೂ ಕಡೆಯ ಮುಖ್ಯಸ್ಥರ ಸಹಿ ಇರಬೇಕು, ಒಂದೇ ವಿಷಯಕ್ಕೆ ಸೀಮಿತ ಆಗಿರಬಾರದು, ಖರ್ಚಿಗೆ ಅಲ್ಲಿನ ಚುನಾಯಿತ ಸಭೆಯ ಒಪ್ಪಿಗೆ ಬೇಕು. ಹೀಗಿದ್ದರೆ ಮಾತ್ರ ಅವರು ಲೆಕ್ಕಕ್ಕೆ ತೆಗೆದುಕೊಳ್ಳುವುದು. ಅಂಥವು ಸುಮಾರು 1,800 ಇವೆ. ಅಮೆರಿಕದ ಜೊತೆಗೇ ಹೆಚ್ಚು.

---

ಹುಣಸೆಹಣ್ಣು · ಮಂಗಳವಾರ ಮಧ್ಯಾಹ್ನ

ಮೇಷ್ಟ್ರೇ, ಗುಮಾಸ್ತ ಫೋನ್ ಮಾಡಿದ್ದಕ್ಕೆ ಫ್ಯಾಕ್ಟರಿ ಬಂತು ಅಂತ ಸಾಬೀತು ಮಾಡೋದು ಹೇಗೆ?

---

ಲೆಕ್ಕದ ಮೇಷ್ಟ್ರು · ಮಂಗಳವಾರ ಸಂಜೆ

ಕಷ್ಟ. ಆದರೆ ಮಂಜ ಅವರು ಹೇಳಿದ ಉದಾಹರಣೆಯನ್ನೇ ಇನ್ನೊಂದು ಸಲ ನೋಡಿ. ಡೆನ್ಸೊ ತಕಾಸಾಕಿಯದಲ್ಲ ಅಂತ ನಕ್ಕೆವು. ಅಲ್ಲೇ ಇದೆ ಸುಳಿವು. 1984ರಲ್ಲಿ ಮಿಡ್‌ವೆಸ್ಟ್‌ನಲ್ಲಿ ಜಾಗ ಹುಡುಕುವ ಜಪಾನಿ ಕಂಪನಿಗೆ ಎಲ್ಲ ಸಣ್ಣ ಊರುಗಳೂ ಒಂದೇ ಥರ ಕಾಣುತ್ತವೆ. ಮೇಯರ್‌ಗೆ ವಿಸಿಟಿಂಗ್ ಕಾರ್ಡ್ ಎರಡು ಕೈಯಲ್ಲಿ ಕೊಡೋದು ಗೊತ್ತಿದೆ, ಜಪಾನಿ ಬರುವ ಒಬ್ಬರು ಆಫೀಸಲ್ಲಿದ್ದಾರೆ, ಹಿಂದಿನ ವರ್ಷದ ಅತಿಥಿಗಳನ್ನು ಚೆನ್ನಾಗಿ ನೋಡಿಕೊಂಡಿದ್ದಾರೆ ಅಂದರೆ ಆ ಊರು ಎದ್ದು ಕಾಣಬಹುದು. ಲಾಭ ಬೀಗರ ಊರಿಂದಲೇ ಬರಬೇಕೆಂದಿಲ್ಲ. ಇದಕ್ಕೆ ಸಾಕ್ಷಿ ಇದೆ ಅಂತ ಹೇಳ್ತಿಲ್ಲ, ಊಹೆ ಅಂತಲೇ ಇಟ್ಟುಕೊಳ್ಳಿ.

---

ರಿಟೈರ್ಡ್ ರಾಯರು · ಮಂಗಳವಾರ ರಾತ್ರಿ

ಬೆಂಗಳೂರಿನಿಂದ ಬರೆಯುತ್ತಿದ್ದೇನೆ. ಹೂಡಿಕೆಗೆ ಸಂಬಂಧಪಟ್ಟ ಒಂದು ಕಚೇರಿಯಲ್ಲಿ ಫೈಲು ಹೊತ್ತವನು. ಯಾವ ಕಚೇರಿ ಅಂತ ಕೇಳಬೇಡಿ, ಪಿಂಚಣಿ ಬರುತ್ತಿದೆ.

ನಮ್ಮ ಬೆಂಗಳೂರಿಗೂ ಸಿಸ್ಟರ್ ಸಿಟಿಗಳಿವೆ. 1973ರಿಂದ ಬೆಲಾರೂಸ್‌ನ ಮಿನ್ಸ್ಕ್. ಅಲ್ಲಿ ಬೆಂಗಳೂರು ಚೌಕ ಅಂತಲೇ ಒಂದು ದೊಡ್ಡ ಜಾಗ ಇದೆ, ಬಸ್ಸಿನ ಬೋರ್ಡ್ ಮೇಲೂ ಹೆಸರಿರುತ್ತೆ. ಇಲ್ಲಿ ಯಾರಿಗಾದರೂ ಗೊತ್ತಾ? 2013ರಲ್ಲಿ ಚೀನಾದ ಚೆಂಗ್ಡು ಜೊತೆ ಒಡಂಬಡಿಕೆ ಆಯಿತು. 2015ರಲ್ಲಿ ಕರ್ನಾಟಕ-ಸಿಚುವಾನ್ ರಾಜ್ಯ ಮಟ್ಟದ್ದೂ ಆಯಿತು. ಫೋಟೋ ತೆಗೆದರು, ಶಾಲು ಹೊದಿಸಿದರು. 2020ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ, ಗಡಿ ಹಂಚಿಕೊಂಡ ದೇಶಗಳಿಂದ ಬರುವ ಹೂಡಿಕೆಗೆಲ್ಲ ಮುಂಚಿತ ಒಪ್ಪಿಗೆ ಬೇಕು ಅಂದಿತು. ಅಲ್ಲಿಗೆ ಮುಗೀತು. ದೆಹಲಿ ಬಾಗಿಲು ಹಾಕಿದರೆ ನಮ್ಮ ಪಾಲಿಕೆಯ ಕಿಟಕಿಯಿಂದ ಏನು ಬರುತ್ತೆ?

ಇನ್ನೊಂದು ಕಡೆ ನೋಡಿ. ಟೊಯೊಟಾ 1997ರಲ್ಲಿ ಕಿರ್ಲೋಸ್ಕರ್ ಜೊತೆ ಸೇರಿ ಬಿಡದಿಗೆ ಬಂತು. ವೋಲ್ವೊ 1998ರಲ್ಲಿ ಹೊಸಕೋಟೆಯಲ್ಲಿ ಟ್ರಕ್ ಮಾಡಲು ಶುರು ಮಾಡಿತು. ಬಾಷ್‌ನವರ ಮೈಕೋ 1950ರ ದಶಕದಿಂದ ಆಡುಗೋಡಿಯಲ್ಲಿತ್ತು. ಇವು ಯಾವುದಕ್ಕೂ ಸೋದರಿ ನಗರದ ಶಿಫಾರಸು ಬೇಕಾಗಲಿಲ್ಲ.

ಆದರೂ ಒಂದನ್ನು ಒಪ್ಪಬೇಕು. ಜರ್ಮನಿಯ ಬವೇರಿಯಾ ರಾಜ್ಯದ ಜೊತೆ ಕರ್ನಾಟಕಕ್ಕೆ 2007ರಿಂದ ಒಪ್ಪಂದ ಇದೆ. ಅದು ಉಳಿದದ್ದು ಹೇಗೆ ಅಂದರೆ, ಬವೇರಿಯಾದವರು ಬೆಂಗಳೂರಿನಲ್ಲೇ ಒಂದು ಕಚೇರಿ ಇಟ್ಟಿದ್ದಾರೆ. ಜನ ಕೂತಿದ್ದಾರೆ. ಅವರ ಸಣ್ಣ ಕಂಪನಿಯವನು ಬಂದರೆ ಕೈ ಹಿಡಿದು ನಡೆಸೋಕೆ ಒಬ್ಬರು ಇದ್ದಾರೆ. ನಮ್ಮ ಕಡೆ ಏನಾಗುತ್ತಿತ್ತು? ಒಬ್ಬ ಅಧಿಕಾರಿ ಎರಡು ವರ್ಷ ಕಷ್ಟಪಟ್ಟು ಅತ್ತ ಕಡೆಯವರ ಪರಿಚಯ ಮಾಡಿಕೊಳ್ಳುತ್ತಿದ್ದ. ಅಷ್ಟರಲ್ಲಿ ವರ್ಗಾವಣೆ. ಹೊಸಬ ಬಂದು "ಯಾವ ಫೈಲು ಅದು?" ಅನ್ನುತ್ತಿದ್ದ. ಒಂದು ಸಲ ಹೊರದೇಶದ ನಿಯೋಗ ಬಂದು ಕೆಳಗೆ ಕೂತಿತ್ತು. ಒಪ್ಪಂದದ ಪ್ರತಿ ಬೇಕು ಅಂದರು. ನಾನು ಬೀರು ಎಲ್ಲ ಜಾಲಾಡಿದೆ. ಕೊನೆಗೆ ಸಿಕ್ಕಿದ್ದು ಚಹಾ ಕಲೆ ಬಿದ್ದ ಜೆರಾಕ್ಸು. ಅದನ್ನೇ ಇನ್ನೊಂದು ಸಲ ಜೆರಾಕ್ಸ್ ಮಾಡಿ, ಕಲೆ ಕಾಣದ ಹಾಗೆ ಫೈಲಿನಲ್ಲಿಟ್ಟು ಕೊಟ್ಟೆ. ಅವರ ಪ್ರತಿ ಚರ್ಮದ ಹೊದಿಕೆ ಹಾಕಿ ಜೋಪಾನವಾಗಿತ್ತು.

---

ಟ್ರಾಫಿಕ್ ತಾತ · ಮಂಗಳವಾರ ರಾತ್ರಿ

ಮೊದಲು ಹೊರವರ್ತುಲ ರಸ್ತೆ ಗುಂಡಿ ಮುಚ್ಚಲಿ, ಆಮೇಲೆ ಬವೇರಿಯಾ.

---

ನಿರ್ವಾಹಕ · ಮಂಗಳವಾರ ರಾತ್ರಿ

ತಾತ, ಗುಂಡಿಗೆ ಬೇರೆ ಚರ್ಚೆ ಇದೆ. 214 ಪ್ರತಿಕ್ರಿಯೆ ಆಗಿದೆ, ಅಲ್ಲೇ ಬನ್ನಿ.

---

ಗದಗದಾಂವ ಪ್ರಾಗ್ · ಬುಧವಾರ ಬೆಳಿಗ್ಗೆ

ನೋಡ್ರಿ, ಎಲ್ಲಾರೂ ಜಪಾನ್ ಸುದ್ದಿನೇ ಹೇಳಾಕತ್ತೀರಿ. ನಂಟು ಹರಿದರೆ ಏನಾಗುತ್ತೆ ಅನ್ನೋದನ್ನ ನಾನು ಪ್ರಾಗ್‌ನಲ್ಲಿ ಕಂಡಿದ್ದೇನೆ.

2016ರಲ್ಲಿ ಚೆಕ್ ದೇಶದ ರಾಜಧಾನಿ ಪ್ರಾಗ್ ಮತ್ತು ಬೀಜಿಂಗ್ ಸೋದರಿ ನಗರ ಆದವು. ಆಗ ಇಲ್ಲಿ ಚೀನಾ ಹೂಡಿಕೆಯ ಹಬ್ಬ. ಸಿಇಎಫ್‌ಸಿ ಅನ್ನುವ ಚೀನಾ ಕಂಪನಿ ಸ್ಲಾವಿಯಾ ಫುಟ್‌ಬಾಲ್ ಕ್ಲಬ್ಬು, ಬಿಯರ್ ಕಂಪನಿಯ ಪಾಲು, ವಿಮಾನ ಕಂಪನಿಯ ಪಾಲು ಎಲ್ಲ ಕೊಳ್ಳುತ್ತಿತ್ತು. ಅದರ ಮುಖ್ಯಸ್ಥನನ್ನು ಆಗಿನ ಚೆಕ್ ಅಧ್ಯಕ್ಷ ಜೆಮಾನ್ ತಮ್ಮ ಸಲಹೆಗಾರ ಮಾಡಿಕೊಂಡಿದ್ದರು. ಆದರೆ ನಗರದ ಒಪ್ಪಂದದೊಳಗೆ ಒಂದು ಸಾಲಿತ್ತು: ಪ್ರಾಗ್ "ಒಂದೇ ಚೀನಾ" ನೀತಿ, ಅಂದರೆ ತೈವಾನ್ ಚೀನಾದ ಭಾಗ ಅನ್ನುವುದನ್ನು ಒಪ್ಪುತ್ತದೆ ಅಂತ. ಕಸ ಎತ್ತುವ, ಟ್ರಾಮ್ ಓಡಿಸುವ ಪಾಲಿಕೆಗೆ ಇದು ಯಾಕ್ರಿ?

2018ರಲ್ಲಿ ಮೇಯರ್ ಆದ ಹ್ರಿಬ್ ಆ ಸಾಲು ತೆಗೆಯಿರಿ ಅಂದರು. ಬೀಜಿಂಗ್ ಒಪ್ಪಲಿಲ್ಲ. 2019ರಲ್ಲಿ ಸಂಬಂಧ ಹರಿಯಿತು. ಪ್ರಾಗ್‌ನ ಸಂಗೀತ ತಂಡದ ಚೀನಾ ಪ್ರವಾಸ ರದ್ದಾಯಿತು. 2020ರ ಜನವರಿಯಲ್ಲಿ ಪ್ರಾಗ್ ತೈವಾನ್ ರಾಜಧಾನಿ ತೈಪೆ ಜೊತೆ ಸಹಿ ಹಾಕಿತು. ಶಾಂಘೈ ಕೂಡ ಮುನಿಸಿಕೊಂಡು ಬಿಟ್ಟುಹೋಯಿತು.

ಹೂಡಿಕೆ ಏನಾಯಿತು ಅಂದರೆ, ಅದು ಈ ಜಗಳಕ್ಕಿಂತ ಮುಂಚೆಯೇ ಕುಸಿದಿತ್ತು! ಆ ಸಿಇಎಫ್‌ಸಿ ಮುಖ್ಯಸ್ಥನನ್ನು 2018ರಲ್ಲಿ ಚೀನಾದಲ್ಲೇ ಹಿಡಿದು ಕೂಡಿಹಾಕಿದರು. ಅವರ ಇಲ್ಲಿನ ಆಸ್ತಿಯೆಲ್ಲ ಸರ್ಕಾರಿ ಕಂಪನಿಯೊಂದರ ಕೈಗೆ ಹೋಯಿತು. ತೈವಾನ್‌ನ ಫಾಕ್ಸ್‌ಕಾನ್ ಮಾತ್ರ 2000ದಿಂದಲೇ ಪಾರ್ದುಬಿತ್ಸೆಯಲ್ಲಿ ತಣ್ಣಗೆ ಕಂಪ್ಯೂಟರ್ ಜೋಡಿಸುತ್ತಾ ಕೂತಿದೆ. ಆಗ ತೈಪೆ-ಪ್ರಾಗ್ ಒಪ್ಪಂದ ಎಲ್ಲಿತ್ತು? ಹಾರ ಹಾಕಿಸಿಕೊಂಡವರು ಹೋದರು, ಹಾಕಿಸಿಕೊಳ್ಳದವರು ಉಳಿದರು.

---

ಜೋಳದ ರೊಟ್ಟಿ · ಬುಧವಾರ ಮಧ್ಯಾಹ್ನ

ಅಯೋವಾದಿಂದ ನನ್ನದೊಂದು. ಹಂದಿ ಕಥೆ, ಸಸ್ಯಾಹಾರಿಗಳು ಕ್ಷಮಿಸಿ.

1959ರಲ್ಲಿ ಜಪಾನಿನ ಯಮನಾಶಿ ಪ್ರಾಂತ್ಯಕ್ಕೆ ಚಂಡಮಾರುತ ಬಡಿದು ದನಕರು, ಬೆಳೆ ಎಲ್ಲ ಹೋಯಿತು. ಅಲ್ಲಿ ಮಿಲಿಟರಿ ಕೆಲಸದಲ್ಲಿದ್ದ ಅಯೋವಾದ ಒಬ್ಬರು ಊರಿಗೆ ಸುದ್ದಿ ಮುಟ್ಟಿಸಿದರು. 1960ರ ಜನವರಿಯಲ್ಲಿ ಅಯೋವಾ ರೈತರು ತಳಿ ಬೆಳೆಸಲು 35 ಹಂದಿಗಳನ್ನು ವಿಮಾನದಲ್ಲಿ ಕಳಿಸಿದರು. ಹಿಂದೆಯೇ ಹಡಗಿನಲ್ಲಿ ಸಾವಿರ ಟನ್ನಿಗೂ ಹೆಚ್ಚು ಮೆಕ್ಕೆಜೋಳ. ಅದೇ ವರ್ಷ ಎರಡೂ ಸೋದರಿ ರಾಜ್ಯಗಳಾದವು. ಕೊಟ್ಟದ್ದು ದಾನ. ಆದರೆ ಆ ಹಂದಿ ತಿನ್ನುವುದು ಅಯೋವಾ ಬೆಳೆಯುವ ಮೆಕ್ಕೆಜೋಳ, ದಾನದ ಹಿಂದೆ ವ್ಯಾಪಾರವೂ ಬಂತು. ಇವತ್ತು ಅಮೆರಿಕದ ಹಂದಿಮಾಂಸಕ್ಕೆ ಜಪಾನ್ ದೊಡ್ಡ ಗಿರಾಕಿ. ಅಯೋವಾದ ಅಜ್ಜಂದಿರು ಈಗಲೂ ಆ 35 ಹಂದಿ ಲೆಕ್ಕ ಹೇಳುತ್ತಾರೆ.

ಚೀನಾ ಜೊತೆಗೂ ಇದೆ. 1983ರಿಂದ ಅಯೋವಾ ಮತ್ತು ಚೀನಾದ ಹೆಬೆ ಪ್ರಾಂತ್ಯ ಸೋದರಿ ರಾಜ್ಯಗಳು. 1985ರಲ್ಲಿ ಹೆಬೆಯಿಂದ ಬಂದ ಸಣ್ಣ ಕೃಷಿ ನಿಯೋಗದಲ್ಲಿ ಷಿ ಜಿನ್‌ಪಿಂಗ್ ಇದ್ದರು. ಆಗ ಅವರು ಬರೀ ಒಂದು ಕೌಂಟಿಯ ಪಕ್ಷದ ಕಾರ್ಯದರ್ಶಿ. ಮಸ್ಕಟೀನ್ ಊರಿನ ಒಂದು ಮನೆಯಲ್ಲಿ, ಕಾಲೇಜಿಗೆ ಹೋಗಿದ್ದ ಹುಡುಗರ ಕೋಣೆಯಲ್ಲಿ ಮಲಗಿದ್ದರು. 2012ರಲ್ಲಿ ಉಪಾಧ್ಯಕ್ಷರಾಗಿ ಅದೇ ಊರಿಗೆ ಬಂದು ಹಳಬರ ಜೊತೆ ಚಹಾ ಕುಡಿದರು. ಅದೇ ಪ್ರವಾಸದಲ್ಲಿ ಚೀನಾದವರು ಡೆ ಮಾಯ್ನ್‌ನಲ್ಲಿ 430 ಕೋಟಿ ಡಾಲರ್ ಸೋಯಾಬೀನ್ ಕೊಳ್ಳುವ ಒಪ್ಪಂದಗಳಿಗೆ ಸಹಿ ಹಾಕಿದರು.

ಎರಡು ಸಲವೂ ಗವರ್ನರ್ ಆಗಿದ್ದವರು ಟೆರಿ ಬ್ರಾನ್‌ಸ್ಟಡ್. 2017ರಲ್ಲಿ ಅವರನ್ನೇ ಚೀನಾಕ್ಕೆ ರಾಯಭಾರಿ ಮಾಡಿದರು. ಹಳೆ ಸ್ನೇಹಿತರು ಅಂತ. 2018ರ ಜುಲೈನಲ್ಲಿ ಚೀನಾ ಅಮೆರಿಕದ ಸೋಯಾಬೀನ್ ಮೇಲೆ ಶೇ. 25 ಸುಂಕ ಹಾಕಿತು. ಸ್ನೇಹಿತ ಬೀಜಿಂಗ್‌ನಲ್ಲೇ ಕೂತಿದ್ದರು. ನಮ್ಮ ಪಕ್ಕದ ಹೊಲದವನು ಆ ವರ್ಷ ಕಣಜ ತುಂಬಿಸಿ ಬೀಗ ಹಾಕಿದ, ಬೆಲೆ ಬರಲಿ ಅಂತ.

ರಾಯರು ಹೇಳಿದ ಹಾಗೆ, ಮೇಲಿನವರು ಜಗಳಕ್ಕೆ ನಿಂತರೆ ಊರ ನೆಂಟಸ್ತನ ತಡೆಯಲ್ಲ.

---

ಸ್ಕಾಟ್ ಕೌಂಟಿ ಸೊಸೆ · ಬುಧವಾರ ಸಂಜೆ

ತಡೆಯಲ್ಲ, ಆದರೆ ಜಗಳ ಮುಗಿದ ಮೇಲೆ ಮೊದಲು ಫೋನ್ ಮಾಡುವುದು ಅವರೇ.

---

ಹುಣಸೆಹಣ್ಣು · ಬುಧವಾರ ಸಂಜೆ

ಸರಿ ಅಕ್ಕ, ಸ್ವಲ್ಪ ಬೆಲ್ಲ ಹಾಕುತ್ತೇನೆ. ತೆರಿಗೆ, ಜಾಗ, ರಸ್ತೆ ಸರಿ ಇರುವ ಎರಡು ಊರಿದ್ದರೆ, ನಂಟು ಇರುವ ಊರಿಗೆ ಒಂದು ಕೈ ಮೇಲು. ತೆರಿಗೆ ಸರಿ ಇಲ್ಲದಿದ್ದರೆ ಗೊಂಬೆಯೇ ಗತಿ. ಇದಕ್ಕಿಂತ ಕೆಳಗೆ ನಾನು ಇಳಿಯಲ್ಲ.

---

ಮಿಚಿಗನ್ ಮಂಜ · ಮುಂದಿನ ಬುಧವಾರ ರಾತ್ರಿ

ಸಭೆ ಮುಗಿಸಿ ಬಂದೆ. ಎಲ್ಲರಿಗೂ ಥ್ಯಾಂಕ್ಸ್, ನಿಮ್ಮ ಮಾತು ಕದ್ದು ಮಾತಾಡಿದೆ.

ಹೋಗುವ ಮುಂಚೆ ನಮ್ಮ ಪ್ಲಾಂಟ್ ಮ್ಯಾನೇಜರ್‌ನ ಕೇಳಿದೆ, ನೀವು ಈ ಊರನ್ನೇ ಯಾಕೆ ಆರಿಸಿದಿರಿ ಅಂತ. ಅವರ ಮೇಜಿನ ಮೇಲೆ ಒಂದು ದರುಮಾ ಗೊಂಬೆ ಇದೆ, ಕೆಂಪಗೆ ಗುಂಡಗೆ. ಆಸೆ ಇಟ್ಟುಕೊಂಡಾಗ ಒಂದು ಕಣ್ಣು ಬರೆಯುತ್ತಾರೆ, ಕೈಗೂಡಿದಾಗ ಇನ್ನೊಂದು. ತಕಾಸಾಕಿ ಅದಕ್ಕೇ ಹೆಸರುವಾಸಿ ಅಂತ ಅವರಿಂದಲೇ ಗೊತ್ತಾಯಿತು. ಅವರು ಹೇಳಿದ್ದು: ಆರಿಸಿದ್ದು ಹೆದ್ದಾರಿ ಹತ್ತಿರ, ಕರೆಂಟ್ ಬೆಲೆ ಕಮ್ಮಿ, ದೊಡ್ಡ ಗಿರಾಕಿ ಎರಡು ಗಂಟೆ ದೂರದಲ್ಲಿದ್ದಾನೆ ಅಂತ. ಸಿಸ್ಟರ್ ಸಿಟಿ ಇದೆ ಅಂತ ಬಂದ ಮೇಲೆ ಗೊತ್ತಾಯಿತಂತೆ. ಅದನ್ನೇ ಸಭೆಯಲ್ಲಿ ಮುಚ್ಚುಮರೆ ಇಲ್ಲದೆ ಹೇಳಿದೆ. ಆ ಅಜ್ಜ ಜೋರಾಗಿ ತಲೆ ಆಡಿಸಿದರು.

ಆಮೇಲೆ ಮ್ಯಾನೇಜರ್ ಹೇಳಿದ ಇನ್ನೊಂದು ಮಾತೂ ಹೇಳಿದೆ. ಕುಟುಂಬ ಯಾಕೆ ಕರೆತಂದಿಲ್ಲ ಅಂದರೆ, ಮಗಳ ಶನಿವಾರದ ಶಾಲೆಗೆ ಬ್ಯಾಟಲ್ ಕ್ರೀಕ್‌ಗೆ ಯಾರು ಕರೆದುಕೊಂಡು ಹೋಗುತ್ತಾರೆ, ಹೆಂಡತಿಗೆ ಇಲ್ಲಿ ಯಾರೂ ಗೊತ್ತಿಲ್ಲ. ಈಗಿನ ಮ್ಯಾನೇಜರ್ ಹೀಗೆ ಮೂರನೆಯವರು, ಹಿಂದಿನ ಇಬ್ಬರೂ ಅವಧಿಗೆ ಮುಂಚೆ ವಾಪಸ್ ಹೋದರು. ಸಭೆ ಸ್ವಲ್ಪ ಹೊತ್ತು ಸುಮ್ಮನಾಯಿತು.

ಕೊನೆಗೆ 4-3ರಲ್ಲಿ ಪಾಸಾಯಿತು. ಕೇಳಿದ್ದರ ಅರ್ಧ ದುಡ್ಡು. ನಿಯೋಗದಲ್ಲಿ ಕೌನ್ಸಿಲರ್‌ಗಳು ಇಬ್ಬರೇ, ಒಬ್ಬರು ಕಮ್ಯುನಿಟಿ ಕಾಲೇಜಿನ ಮೇಷ್ಟ್ರು, ಒಬ್ಬರು ಟೂಲ್‌ರೂಮ್ ಮಾಲೀಕ. ಅದು ಬಿಟ್ಟು, ಆ ಅಜ್ಜ ಹೊರಗೆ ಸಿಕ್ಕು, ಶನಿವಾರ ನನಗೆ ಬೇರೇನೂ ಕೆಲಸ ಇಲ್ಲ, ನನ್ನ ವ್ಯಾನ್ ಇದೆ ಅಂದರು. ಮ್ಯಾನೇಜರ್ ನಂಬರ್ ಕೊಡಲಾ ಅಂತ ಕೇಳಿ ಬರುತ್ತೇನೆ ಅಂದಿದ್ದೇನೆ.

ಚರಂಡಿ ವಿಷಯ ಮುಂದಿನ ತಿಂಗಳಿಗೆ ಹೋಯಿತು.

---

ಹುಣಸೆಹಣ್ಣು · ಮುಂದಿನ ಬುಧವಾರ ರಾತ್ರಿ

ಚರಂಡಿಗೂ ಒಂದು ಸಿಸ್ಟರ್ ಸಿಟಿ ಹುಡುಕಿ ಮಂಜಣ್ಣ. ಬೆಂಗಳೂರು ತಯಾರಿದೆ.